ಫೋರ್‌ವೀಲ್ ಬಾಕ್ಸ್ ಕೊಳ್ಳುವಾಗ ಗಾಡಿಯ ಹೆಸರು ಸಾಲದು, ಬಾಕ್ಸಿನ ನಂಬರ್ ಕೇಳಿ

"ಬೊಲೆರೊ ಫೋರ್‌ವೀಲ್ ಬಾಕ್ಸ್ ಇದೆಯಾ?" ಅಂತ ಹಳೆ ಸಾಮಾನಿನ ಅಂಗಡಿಗೆ ಫೋನ್ ಮಾಡಿ ಕೇಳುತ್ತೇವೆ. "ಇದೆ, ಬನ್ನಿ" ಅಂತ ಉತ್ತರ ಬರುತ್ತದೆ. ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ತೊಂದರೆ ಶುರುವಾಗುವುದು ಬಾಕ್ಸ್ ತಂದು ಗಾಡಿಯ ಕೆಳಗೆ ಎತ್ತಿ ಹಿಡಿದಾಗ. ಬೋಲ್ಟಿನ ತೂತು ಕೂರುವುದಿಲ್ಲ. ಅದು ಕೂತರೆ ಶಾಫ್ಟಿನ ಹಲ್ಲು ಸೇರುವುದಿಲ್ಲ. ಹಲ್ಲೂ ಸೇರಿದರೆ, ಎಡಕ್ಕೆ ಬರಬೇಕಾದ ಮುಂದಿನ ಶಾಫ್ಟ್ ಬಲಕ್ಕೆ ಬಂದಿರುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಟ್ರಾನ್ಸ್‌ಫರ್ ಕೇಸನ್ನು ಗಾಡಿಯ ಹೆಸರಿನಿಂದ ಗುರುತಿಸಲು ಆಗುವುದಿಲ್ಲ. ಅದರ ಮೈಮೇಲೆ ಇರುವ ನಂಬರ್ ಮತ್ತು ಕಣ್ಣಿಗೆ ಕಾಣುವ ನಾಲ್ಕೈದು ಲಕ್ಷಣಗಳಿಂದ ಗುರುತಿಸಬೇಕು. ಅದನ್ನು ಬಿಲ್ಲಿನಲ್ಲಿ ಬರೆದುಕೊಡದವರ ಹತ್ತಿರ ಬಾಕ್ಸ್ ಕೊಳ್ಳಬಾರದು.

ಗೊತ್ತಿಲ್ಲದವರಿಗಾಗಿ ಮೊದಲು ಇದೇನು ಅಂತ ಹೇಳುತ್ತೇನೆ. ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಬರುತ್ತದೆ. ಮಾಮೂಲಿ ಪಿಕಪ್‌ನಲ್ಲಿ ಅಲ್ಲಿಂದ ನೇರವಾಗಿ ಹಿಂದಿನ ಚಕ್ರಕ್ಕೆ ಹೋಗುತ್ತದೆ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಡಬ್ಬ ಇರುತ್ತದೆ. ಅದೇ ಟ್ರಾನ್ಸ್‌ಫರ್ ಕೇಸ್. ಅದು ಎರಡು ಕೆಲಸ ಮಾಡುತ್ತದೆ. ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುತ್ತದೆ. ಲೋ ಹಾಕಿದರೆ ವೇಗ ಇಳಿಸಿ ಎಳೆತ ಹೆಚ್ಚಿಸುತ್ತದೆ. ಕೆಸರಿನಲ್ಲಿ ಹೂತ ಗಾಡಿ ಮೇಲೆ ಬರುವುದು, ಕಾಫಿ ತೋಟದ ಏರು ಹತ್ತುವುದು, ಇಳಿಜಾರಿನಲ್ಲಿ ಬ್ರೇಕ್ ಸುಡದೆ ಇಳಿಯುವುದು, ಎಲ್ಲ ಇದರಿಂದಲೇ.

ಬೇಗೂರು ಮುಖ್ಯರಸ್ತೆಯಲ್ಲಿ ನಿಂತು ನೋಡಿ, ಹೊಸೂರು ರಸ್ತೆ, ಬೊಮ್ಮಸಂದ್ರ, ಜಿಗಣಿ ಕಡೆ ಹೋಗುವ ಪಿಕಪ್‌ಗಳದ್ದೇ ಓಡಾಟ. ಅವುಗಳಲ್ಲಿ ಹೆಚ್ಚಿನವಕ್ಕೆ ಈ ಬಾಕ್ಸೇ ಇಲ್ಲ. ಇಟ್ಟಿಗೆ, ಟೈಲ್ಸ್, ಕಬ್ಬಿಣದ ಸರಳು ಹೊರುವ ಗಾಡಿಗೆ ಹಿಂದಿನ ಎರಡು ಚಕ್ರ ಎಳೆದರೆ ಸಾಕು. ನಿಮ್ಮ ಗಾಡಿಯಲ್ಲಿ ಇದೆಯೋ ಇಲ್ಲವೋ ನೋಡಲು ಸ್ಟಿಕರ್ ನಂಬಬೇಡಿ, ಅದು ಯಾವ ಅಂಗಡಿಯಲ್ಲೂ ಸಿಗುತ್ತದೆ. ಗಾಡಿಯ ಕೆಳಗೆ ಬಗ್ಗಿ. ಮಧ್ಯದಿಂದ ಮುಂದಿನ ಚಕ್ರಗಳ ಕಡೆಗೆ ಒಂದು ಪ್ರೊಪೆಲ್ಲರ್ ಶಾಫ್ಟ್ ಹೋಗಿದ್ದು, ಮುಂದಿನ ಆಕ್ಸಲ್‌ನಲ್ಲೂ ಗಡಿಗೆಯಂತೆ ಉಬ್ಬಿದ ಡಿಫರೆನ್ಷಿಯಲ್ ಇದ್ದರೆ ಅದು ಫೋರ್‌ವೀಲ್. ಶಾಫ್ಟ್ ಇಲ್ಲದಿದ್ದರೆ ಮಾರುವವರು ಏನೇ ಹೇಳಲಿ, ಅದು ಟೂವೀಲ್ ಡ್ರೈವ್.

ಫೋರ್‌ವೀಲ್ ಗಾಡಿಗಳು ಹೆಚ್ಚಾಗಿ ಇರುವುದು ಊರ ಕಡೆ. ಬೊಲೆರೊ ಕ್ಯಾಂಪರ್, ಬೊಲೆರೊ ಪಿಕಪ್ ಎರಡರಲ್ಲೂ ಫೋರ್‌ವೀಲ್ ಮಾದರಿ ಇದೆ. ತೋಟಗಳಲ್ಲಿ ಹಳೆಯ ಮಹೀಂದ್ರ ಜೀಪು, ಜಿಪ್ಸಿ ಇನ್ನೂ ದುಡಿಯುತ್ತಿವೆ. ಇಸುಜು ವಿ-ಕ್ರಾಸ್ ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುತ್ತದೆ. 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್ ನಮ್ಮ ಬಿಡದಿಯಲ್ಲೇ ಜೋಡಣೆಯಾಗುತ್ತದೆ. ಇವುಗಳ ಬಾಕ್ಸ್ ಕೆಟ್ಟರೆ ಸಾಮಾನು ಹುಡುಕಿಕೊಂಡು ಬರುವುದು ಬೆಂಗಳೂರಿಗೆ. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿ, ಶಿವಾಜಿನಗರದಲ್ಲಿ ಗುಜರಿ, ಪೀಣ್ಯದಲ್ಲಿ ಗೇರ್ ಕಡೆಯುವವರು. ಇನ್ನೂರು ಕಿಲೋಮೀಟರ್ ದೂರದಿಂದ ಬಂದವರು ಬಾಕ್ಸ್ ಹೊತ್ತುಕೊಂಡು ವಾಪಸ್ ಹೋಗಿ, ಅದು ಕೂರದೆ ಇದ್ದರೆ ಮತ್ತೆ ಬರಬೇಕು. ಎರಡು ಸಲದ ಬಾಡಿಗೆ, ಎರಡು ಸಲದ ಇಳಿಸಿ ಏರಿಸುವ ಕೂಲಿ, ಅಷ್ಟು ದಿನ ನಿಂತ ಗಾಡಿ, ನಿಲ್ಲದ ಕಂತು. ಈ ನಷ್ಟ ಅಂಗಡಿಯವರದ್ದಲ್ಲ, ಮೇಸ್ತ್ರಿಯದ್ದೂ ಅಲ್ಲ. ಪೂರ್ತಿ ಗಾಡಿ ಮಾಲೀಕರ ತಲೆ ಮೇಲೆ.

ಹಾಗಾದರೆ ಬಾಕ್ಸುಗಳಲ್ಲಿ ವ್ಯತ್ಯಾಸ ಎಲ್ಲೆಲ್ಲಿ? ಮೇಲಿಂದ ಒಂದೊಂದಾಗಿ ನೋಡೋಣ.

ಮೊದಲು, ಅದು ಗೇರ್‌ಬಾಕ್ಸಿಗೆ ಅಂಟಿಕೊಂಡಿದೆಯೇ, ಬೇರೆ ಇದೆಯೇ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಎರಡನ್ನೂ ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಜಿಪ್ಸಿಯಲ್ಲಿ ಹಾಗಲ್ಲ. ಬಾಕ್ಸ್ ಹಿಂದೆ ಬೇರೆಯಾಗಿ ನೇತಾಡುತ್ತದೆ, ನಡುವೆ ಒಂದು ಚಿಕ್ಕ ಶಾಫ್ಟ್. ಜಿಪ್ಸಿಯದ್ದೇ ಇನ್ನೊಂದು ವಿಶೇಷ ಇದೆ. ಬಹುತೇಕ ಗಾಡಿಗಳಲ್ಲಿ ಹೈ ಅಂದರೆ ಒಂದಕ್ಕೆ ಒಂದು, ಬಾಕ್ಸ್ ವೇಗವನ್ನು ಬದಲಿಸುವುದಿಲ್ಲ. ಜಿಪ್ಸಿ ಕಿಂಗ್‌ನಲ್ಲಿ ಹೈ ಹಾಕಿದರೂ 1.409, ಲೋ ಹಾಕಿದರೆ 2.268. ಈ ಬಾಕ್ಸನ್ನು "ಇದೂ ಫೋರ್‌ವೀಲ್ ಬಾಕ್ಸೇ ತಾನೇ" ಅಂತ ಬೇರೆ ಗಾಡಿಗೆ ಕೂರಿಸಿದರೆ ಟಾರ್ ರಸ್ತೆಯಲ್ಲೂ ಎಂಜಿನ್ ಕಿರುಚಿಕೊಂಡೇ ಓಡುತ್ತದೆ.

ಎರಡನೆಯದು, ಶಾಫ್ಟ್ ಹೊರಡುವ ಬದಿ. ಮುಂದಿನ ಶಾಫ್ಟ್ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿ. ಮುಂದಿನ ಆಕ್ಸಲ್‌ನ ಡಿಫರೆನ್ಷಿಯಲ್ ಯಾವ ಬದಿಗಿದೆಯೋ ಬಾಕ್ಸಿನ ಬಾಯಿಯೂ ಆ ಬದಿಗೇ ಇರಬೇಕು. ಹಿಂದಿನದ್ದನ್ನೂ ನೋಡಬೇಕು. ಹಳೆಯ ವಿಲ್ಲಿಸ್ ಜೀಪಿನ ಸ್ಪೈಸರ್ 18 ಬಾಕ್ಸಿನಲ್ಲಿ ಹಿಂದಿನ ಶಾಫ್ಟ್ ಕೂಡ ನಡುವಿನಿಂದ ಬಲಕ್ಕೆ ಸರಿದಿರುತ್ತದೆ, ಅದಕ್ಕೆ ತಕ್ಕಂತೆ ಹಿಂದಿನ ಡಿಫರೆನ್ಷಿಯಲ್ ಕೂಡ ಬಲಕ್ಕಿರುತ್ತದೆ. ಅದರ ನಂತರ ಬಂದ ಡಾನಾ 20ರಲ್ಲಿ ಹಿಂದಿನ ಶಾಫ್ಟ್ ನಡುವಿನಲ್ಲಿದೆ. ಹೊರಗಿನ ಆಕಾರ ಅಣ್ಣ ತಮ್ಮಂದಿರಂತೆ ಕಂಡರೂ ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಹಿಂದಿನ ಆಕ್ಸಲ್ಲೇ ಬದಲಿಸಬೇಕಾಗುತ್ತದೆ.

ಮೂರನೆಯದು, ಒಳಗಿರುವುದು ಗೇರೋ ಚೈನೋ. ಹಳೆಯ ಭಾರಿ ಬಾಕ್ಸುಗಳಲ್ಲಿ ಬರೀ ಗೇರುಗಳು, ಹೊರಮೈ ಎರಕದ ಕಬ್ಬಿಣ. ಹೊಸ ಕಾಲದ ಹೆಚ್ಚಿನವುಗಳಲ್ಲಿ ಮುಂದಿನ ಶಾಫ್ಟನ್ನು ತಿರುಗಿಸುವುದು ಚೈನ್, ಹೊರಮೈ ಅಲ್ಯೂಮಿನಿಯಂ. ಆಯಸ್ಕಾಂತ ಇಟ್ಟರೆ ಹೊರಮೈ ಯಾವುದು ಅಂತ ಗೊತ್ತಾಗುತ್ತದೆ. ಕಬ್ಬಿಣಕ್ಕೆ ಅಂಟುತ್ತದೆ, ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಚೈನ್ ಹಳತಾಗಿ ಜಗ್ಗಿದರೆ ಫೋರ್‌ವೀಲ್ ಹಾಕಿ ಭಾರ ಎಳೆಯುವಾಗ ಕಟ ಕಟ ಅಂತ ಬಡಿಯುತ್ತದೆ.

ಇದಕ್ಕೆ ಸೇರಿದ್ದೇ ಎಣ್ಣೆಯ ವಿಷಯ. ಗೇರಿನ ಬಾಕ್ಸಿಗೆ ದಪ್ಪ ಗೇರ್ ಆಯಿಲ್ ಸಾಮಾನ್ಯ. ಚೈನಿನ ಅನೇಕ ಬಾಕ್ಸುಗಳಲ್ಲಿ ಒಳಗೊಂದು ಸಣ್ಣ ಪಂಪ್ ಇದ್ದು, ಅದು ತೆಳು ಎಣ್ಣೆಯನ್ನು ಮೇಲಿನ ಬೇರಿಂಗ್‌ಗಳಿಗೆ ಒಯ್ಯುತ್ತದೆ. ಅಂಥದ್ದಕ್ಕೆ "ಎಲ್ಲಾ ಬಾಕ್ಸಿಗೂ ತೊಂಬತ್ತೇ" ಅಂತ ಸುರಿದರೆ ಬೇರಿಂಗ್ ಒಣಗುತ್ತದೆ. ಬಾಕ್ಸ್ ಯಾವುದು ಅಂತ ಗೊತ್ತಿಲ್ಲದಿದ್ದರೆ ಎಣ್ಣೆ ಯಾವುದು ಅಂತಲೂ ಗೊತ್ತಾಗುವುದಿಲ್ಲ. ಸರಿಯಾಗಿ ಕೂತ ಬಾಕ್ಸ್ ಕೂಡ ಹೀಗೆ ಹಾಳಾಗುತ್ತದೆ.

ನಾಲ್ಕನೆಯದು, ಹಾಕುವ ವಿಧಾನ. 2010ರ ಥಾರ್‌ನಲ್ಲಿ ಕೈಯಿಂದ ಎಳೆಯುವ ಲಿವರ್. ಸ್ಕಾರ್ಪಿಯೊ ಫೋರ್‌ವೀಲ್‌ನಲ್ಲಿ ಡ್ಯಾಶ್‌ಬೋರ್ಡಿನಲ್ಲಿ ತಿರುಗಿಸುವ ಸ್ವಿಚ್, ಕೆಳಗೆ ಬಾಕ್ಸಿಗೆ ಅಂಟಿಕೊಂಡ ಒಂದು ಮೋಟರ್. ಮೋಟರ್ ಇರುವ ಬಾಕ್ಸನ್ನು ಲಿವರಿನ ಗಾಡಿಗೆ ಹಾಕಿದರೆ ಅದನ್ನು ಆಡಿಸಲು ವೈರಿಂಗೂ ಇಲ್ಲ, ಕಂಟ್ರೋಲ್ ಯೂನಿಟ್ಟೂ ಇಲ್ಲ.

ಐದನೆಯದು, ಹಲ್ಲಿನ ಲೆಕ್ಕ. ಗೇರ್‌ಬಾಕ್ಸಿನ ಶಾಫ್ಟ್ ಬಂದು ಸೇರುವ ತೂತಿನೊಳಗೆ ಸಣ್ಣ ಹಲ್ಲುಗಳಿರುತ್ತವೆ. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಅಲ್ಲಿಂದ ಸುತ್ತು ಎಣಿಸಿ. ಹಳೆಯದರಲ್ಲೂ ಎಣಿಸಿ, ಕೊಳ್ಳುವುದರಲ್ಲೂ ಎಣಿಸಿ. ಒಂದು ಹಲ್ಲು ವ್ಯತ್ಯಾಸ ಇದ್ದರೂ ಬೇಡ ಅನ್ನಿ.

ಇಷ್ಟೊಂದು ವ್ಯತ್ಯಾಸ ನಮ್ಮ ದೇಶದ ಗೊಂದಲ ಅಂದುಕೊಳ್ಳಬೇಡಿ. ಭಾರಿ ಪಿಕಪ್‌ಗಳ ತವರಾದ ಅಮೆರಿಕದಲ್ಲಿ ಇದು ಇನ್ನೂ ಹೆಚ್ಚು. ಅಲ್ಲಿ ನ್ಯೂ ಪ್ರಾಸೆಸ್ ಕಂಪನಿಯ 205 ಅನ್ನುವ ಎರಕದ ಕಬ್ಬಿಣದ ಬಾಕ್ಸ್ ಬಹಳ ಹೆಸರು ಮಾಡಿತ್ತು. ಒಳಗೆ ಬರೀ ಗೇರು, ಲೋ 1.96. ಜಿಎಂ, ಡಾಡ್ಜ್, ಫೋರ್ಡ್ ಮೂವರೂ ತಮ್ಮ ಗಾಡಿಗಳಲ್ಲಿ ಅದನ್ನೇ ಬಳಸಿದರು. ಹೆಸರು ಒಂದೇ, ನಂಬರೂ ಒಂದೇ. ಆದರೆ ಜಿಎಂನಲ್ಲಿ ಮುಂದಿನ ಶಾಫ್ಟ್ ಬಲಕ್ಕೆ, ಫೋರ್ಡ್‌ನಲ್ಲಿ ಎಡಕ್ಕೆ. ಶಾಫ್ಟಿನ ಹಲ್ಲುಗಳ ಸಂಖ್ಯೆಯೂ ಬೇರೆ ಬೇರೆ. ಅಂದರೆ ನಂಬರ್ ಗೊತ್ತಾದ ಮೇಲೂ ಬದಿ ನೋಡಬೇಕು, ಹಲ್ಲು ಎಣಿಸಬೇಕು.

ಆದರೆ ಅದೇ ಕಂಪನಿಯವರು ಒಂದು ಒಳ್ಳೆಯ ಕೆಲಸವನ್ನೂ ಮಾಡಿದರು. ಮುಂದೆ ಬಂದ ಬಾಕ್ಸುಗಳ ಮೂರಂಕಿ ನಂಬರಿಗೇ ಅರ್ಥ ಇಟ್ಟರು. ಮೊದಲ ಅಂಕಿ ಎಷ್ಟು ವೇಗ ಅಂತ ಹೇಳುತ್ತದೆ, 2 ಅಂದರೆ ಹೈ ಮತ್ತು ಲೋ ಎರಡೂ ಇದೆ. ಎರಡನೆಯದು ಎಷ್ಟು ಭಾರ ತಾಳುವ ಸಾಲಿನದ್ದು ಅಂತ. ಮೂರನೆಯದು ಹಾಕುವ ವಿಧಾನ. ಹಾಗಾಗಿ 271 ಅಂದರೆ ಲಿವರ್, 273 ಅಂದರೆ ಎಲೆಕ್ಟ್ರಿಕ್ ಮೋಟರ್, ಎರಡರಲ್ಲೂ ಲೋ 2.72. ಫೋರ್ಡ್ ಸೂಪರ್ ಡ್ಯೂಟಿಯಂಥ ದೊಡ್ಡ ಪಿಕಪ್‌ಗಳಲ್ಲಿ ಇವೆರಡೂ ಬಂದಿವೆ. ಬಾಕ್ಸಿನ ಹಿಂದಿನ ಅರ್ಧದ ಮೇಲೆ ಒಂದು ದುಂಡನೆಯ ತಗಡು ಹಚ್ಚಿರುತ್ತಾರೆ. ಮಾದರಿ, ಲೋ ಅನುಪಾತ, ತಯಾರಾದ ದಿನ ಅದರಲ್ಲೇ ಇರುತ್ತದೆ. ಬೋರ್ಗ್‌ವಾರ್ನರ್ ಕಂಪನಿಯವರು ಹಿಂದಿನ ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ ತಗಡಿನಲ್ಲಿ ನಂಬರ್ ಕೊಡುತ್ತಾರೆ.

ಅಲ್ಲಿನವರಿಗೆ ನಂಬರ್ ಎಷ್ಟು ಮುಖ್ಯ ಆಯಿತು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಜಿಎಂ ಪಿಕಪ್‌ಗಳ 246, 261, 263 ಅನ್ನುವ ಬಾಕ್ಸುಗಳಲ್ಲಿ ಒಳಗಿನ ಎಣ್ಣೆ ಪಂಪ್ ಉಜ್ಜಿ ಉಜ್ಜಿ ಹಿಂದಿನ ಹೊರಮೈಯಲ್ಲೇ ಸೂಜಿ ತೂತು ಬೀಳುತ್ತಿತ್ತು. ಗಾಡಿ ಓಡುವಾಗ ಎಣ್ಣೆ ಚಿಮ್ಮಿ ಹೋಗುತ್ತಿತ್ತು, ನಿಂತಾಗ ಕೆಳಗೆ ಹನಿ ಕಾಣುತ್ತಿರಲಿಲ್ಲ. ತಗಡಿನ ನಂಬರ್ ಓದಿದವರು ಮೊದಲೇ ಬಿಚ್ಚಿ ನೋಡಿ ರಿಪೇರಿ ಮಾಡಿಸಿದರು. ಓದದವರ ಬಾಕ್ಸ್ ಹೆದ್ದಾರಿಯಲ್ಲಿ ಸುಟ್ಟುಹೋಯಿತು.

ದುಡ್ಡಿನ ಮಾತು ಒಂದು ಕಡೆ ಇರಲಿ. ಇಲ್ಲಿ ಜೀವದ ಮಾತೂ ಇದೆ.

ಕೊಡಗಿನ ಮಾಂದಲಪಟ್ಟಿ, ಕೆಮ್ಮಣ್ಣುಗುಂಡಿ ಹತ್ತಿರದ ಹೆಬ್ಬೆ ಜಲಪಾತದ ದಾರಿಗಳಲ್ಲಿ ಪ್ರವಾಸಿಗರನ್ನು ಒಯ್ಯುವುದು ಬಾಡಿಗೆ ಜೀಪುಗಳು. ತೋಟಗಳಿಗೆ ಕೂಲಿಯವರನ್ನು ಒಯ್ಯುವುದೂ ಅಂಥವೇ ಗಾಡಿಗಳು. ಇಳಿಜಾರಿನಲ್ಲಿ ಡ್ರೈವರ್ ಲೋ ಹಾಕಿ, ಒಂದನೇ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆ ಇಳಿಸುತ್ತಾರೆ. ವಿಲ್ಲಿಸ್ ಜೀಪಿನ ಸ್ಪೈಸರ್ 18ರಲ್ಲೇ ಎರಡು ಬಗೆಯ ಲೋ ಬಂದಿದೆ. ಎರಡನೇ ಮಹಾಯುದ್ಧದ ಕಾಲದ್ದರಲ್ಲಿ 1.97, ನಂತರದ್ದರಲ್ಲಿ 2.46. ನಂತರದ್ದು ತೆಗೆದು ಮೊದಲಿನದ್ದು ಕೂರಿಸಿದರೆ, ಅದೇ ಎಂಜಿನ್ ವೇಗದಲ್ಲಿ ಗಂಟೆಗೆ 8 ಕಿಲೋಮೀಟರ್‌ನಲ್ಲಿ ಇಳಿಯುತ್ತಿದ್ದ ಗಾಡಿ 10ರಲ್ಲಿ ಇಳಿಯುತ್ತದೆ. ಮಳೆಗಾಲದ ತಿರುವಿನಲ್ಲಿ, ಹಿಂದೆ ಎಂಟು ಜನ ಕೂತಿರುವಾಗ, ಆ ಎರಡು ಕಿಲೋಮೀಟರ್ ಸಣ್ಣದಲ್ಲ. ಉಳಿದದ್ದನ್ನು ಬ್ರೇಕ್ ಹೊರಬೇಕು, ಬ್ರೇಕ್ ಬಿಸಿಯಾಗುತ್ತದೆ. ಡ್ರೈವರಿಗೆ ಬಾಕ್ಸ್ ಬದಲಾದದ್ದು ಗೊತ್ತಿಲ್ಲದಿದ್ದರೆ ಕಾರಣವೂ ಗೊತ್ತಾಗುವುದಿಲ್ಲ.

ಇನ್ನೂ ಎರಡು ಅಪಾಯ. ಲಿವರಿನ ಸ್ಥಾನಗಳ ಕ್ರಮ ಬಾಕ್ಸಿನಿಂದ ಬಾಕ್ಸಿಗೆ ಬೇರೆ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ದೊಡ್ಡ ಗೇರನ್ನು ಒಂದರಲ್ಲಿ ಹಾಕಿ ನಿಲ್ಲಿಸಿದರೂ ಗಾಡಿ ನಿಲ್ಲುವುದಿಲ್ಲ, ಉರುಳುತ್ತದೆ. ಕೈ ಹಳೆಯ ಅಭ್ಯಾಸದಲ್ಲಿ ಎಳೆದ ಜಾಗದಲ್ಲಿ ಹೊಸ ಬಾಕ್ಸಿನ ನ್ಯೂಟ್ರಲ್ ಇದ್ದರೆ ಏನಾಗುತ್ತದೆ ಯೋಚಿಸಿ. ಹಳೆಯ ವಿಲ್ಲಿಸ್ ಜೀಪಿನಲ್ಲಂತೂ ಹ್ಯಾಂಡ್‌ಬ್ರೇಕಿನ ಡ್ರಮ್ಮೇ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿದೆ, ಚಕ್ರದಲ್ಲಿಲ್ಲ. ಆ ಡ್ರಮ್ ಇಲ್ಲದ ಬಾಕ್ಸ್ ತಂದು ಕೂರಿಸಿದರೆ ಗಾಡಿ ಓಡುತ್ತದೆ, ಹ್ಯಾಂಡ್‌ಬ್ರೇಕ್ ಮಾತ್ರ ಇರುವುದಿಲ್ಲ.

ಇದಕ್ಕೆಲ್ಲ ಗ್ಯಾರೇಜಿನವರು ಹೇಳುವ ಮಾತು ನನಗೆ ಗೊತ್ತು. "ನಮಗೆ ನಂಬರ್ ಯಾಕೆ? ಕೈಯಲ್ಲಿ ಹಿಡಿದರೆ ಗೊತ್ತಾಗುತ್ತೆ." ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೂವತ್ತು ವರ್ಷ ಕೈ ಕಪ್ಪು ಮಾಡಿಕೊಂಡ ಮೇಸ್ತ್ರಿಗೆ ಡಬ್ಬ ನೋಡಿದ ಕೂಡಲೇ ಯಾವ ಗಾಡಿಯದ್ದು ಅಂತ ತಿಳಿಯುತ್ತದೆ. ಆದರೆ ಆ ತಿಳಿವಳಿಕೆ ಅವರ ತಲೆಯಲ್ಲಿದೆ. ಅವರು ರಜೆ ಹಾಕಿದ ದಿನ ಅಂಗಡಿಯಲ್ಲಿ ನಿಂತ ಹುಡುಗನಿಗೆ ಅದು ಗೊತ್ತಿಲ್ಲ. ಫೋನಿನಲ್ಲಿ ಕೇಳುವ ಸಕಲೇಶಪುರದ ಮಾಲೀಕರಿಗೆ ಅವರ ಕೈ ಸಿಗುವುದಿಲ್ಲ. ಬರೆದಿಟ್ಟದ್ದು ಮಾತ್ರ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ.

ಬೇಗೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೆಂಗಳೂರು ಅನ್ನುವ ಹೆಸರು ಸಾವಿರದ ನೂರು ವರ್ಷಕ್ಕೂ ಹಿಂದೆ ಇತ್ತು ಅಂತ ನಮಗೆ ಗೊತ್ತಾದದ್ದು ಇದೇ ಬೇಗೂರಿನಲ್ಲಿ ಸಿಕ್ಕ, ಸುಮಾರು 890ರ ಶಾಸನದಿಂದ. ಬೆಂಗಳೂರ ಕಾಳಗದ ಮಾತು ಅದರಲ್ಲಿದೆ. ಯಾರೋ ಕಲ್ಲಿನ ಮೇಲೆ ಬರೆಸಿದ್ದರಿಂದ ಅದು ಉಳಿಯಿತು. ಬಾಕ್ಸಿನ ತಗಡು ಅದಕ್ಕಿಂತ ಬಹಳ ಸಣ್ಣ ಬರಹ. ಅದನ್ನು ಬಣ್ಣ ಬಳಿದು ಮುಚ್ಚುವುದು, ತೊಳೆಯುವಾಗ ಕಿತ್ತು ಬಿಸಾಡುವುದು ಬೇಡ ಅಂತ ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಇನ್ನೊಂದು ಆಕ್ಷೇಪ, "ಹಳೆ ಬಾಕ್ಸಿನಲ್ಲಿ ತಗಡೇ ಇರುವುದಿಲ್ಲ." ನಿಜ, ಎಷ್ಟೋ ಬಾಕ್ಸುಗಳಲ್ಲಿ ಬಿದ್ದುಹೋಗಿರುತ್ತದೆ. ಹಾಗಿದ್ದರೆ ಎರಕದ ಮೇಲೆ ಉಬ್ಬಿ ನಿಂತ ಅಂಕಿಗಳಿರುತ್ತವೆ, ತಂತಿ ಬ್ರಷ್ ಹಾಕಿ ಉಜ್ಜಿದರೆ ಕಾಣುತ್ತವೆ. ಅದು ಎರಕದ ನಂಬರ್, ಪೂರ್ತಿ ಗುರುತಲ್ಲ, ಒಂದೇ ಎರಕದಲ್ಲಿ ಎರಡು ಬಗೆ ಬಂದಿರಬಹುದು. ಆಗ ಮೇಲೆ ಹೇಳಿದ ಐದನ್ನೂ ಬಿಲ್ಲಿನಲ್ಲಿ ಬರೆಯಲಿ. ಅಂಟಿದ್ದೋ ಬೇರೆಯೋ, ಶಾಫ್ಟ್ ಯಾವ ಬದಿ, ಗೇರೋ ಚೈನೋ, ಲಿವರೋ ಮೋಟರೋ, ಹಲ್ಲು ಎಷ್ಟು. ಐದು ಸಾಲು. ಲೋ ಅನುಪಾತ ಗೊತ್ತಾಗಬೇಕಾದರೆ ಬಾಕ್ಸನ್ನು ಲೋಗೆ ಹಾಕಿ, ಗೇರ್‌ಬಾಕ್ಸ್ ಸೇರುವ ಕಡೆಯಿಂದ ಕೈಯಲ್ಲಿ ತಿರುಗಿಸಿ. ಹಿಂದಿನ ಶಾಫ್ಟ್ ಹತ್ತು ಸುತ್ತು ಬರುವಷ್ಟರಲ್ಲಿ ನೀವು ಎಷ್ಟು ಸುತ್ತು ತಿರುಗಿಸಿದಿರಿ ಅಂತ ಎಣಿಸಿ. ಇಪ್ಪತ್ತರ ಹತ್ತಿರ ಬಂದರೆ ಒಂದು ಬಗೆ, ಇಪ್ಪತ್ತೈದರ ಹತ್ತಿರ ಬಂದರೆ ಇನ್ನೊಂದು. ಇದಕ್ಕೆ ಯಾವ ಮೆಷಿನ್ನೂ ಬೇಡ.

ಅಂಗಡಿಯವರು ಬರೆದುಕೊಡಲು ಹಿಂಜರಿಯುವುದು ಯಾಕೆ? ಬರೆದುಕೊಟ್ಟರೆ ವಾಪಸ್ ತರುತ್ತಾರೆ ಅನ್ನುವ ಭಯ. ಹಾಗಾದರೆ ಬರೆಯದೆ ಇದ್ದಾಗ ಆ ಭಯವನ್ನು ಕೊಂಡವರ ಹೆಗಲಿಗೆ ಹಾಕಿದಂತಾಯಿತು. ಒಳ್ಳೆಯ ಸಾಮಾನು ಇಟ್ಟಿರುವ ಅಂಗಡಿಗೆ ಬರೆದುಕೊಡುವುದರಿಂದ ಲಾಭವೇ. "ಇವರ ಬಾಕ್ಸ್ ಕೂರುತ್ತೆ" ಅನ್ನುವ ಹೆಸರು ಬರುತ್ತದೆ.

ಕಾನೂನು ಏನು ಹೇಳುತ್ತದೆ ಅದನ್ನೂ ತಿಳಿದಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಳ್ಳುವ ವಸ್ತುವಿನ ಗುಣಮಟ್ಟ, ಬೆಲೆಯ ವಿವರ ತಿಳಿಯುವುದು ಗ್ರಾಹಕರ ಹಕ್ಕು. ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ. "ಬಾಡಿಗೆ ಓಡಿಸುವವರು ಗ್ರಾಹಕರಲ್ಲ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರೂ ಗ್ರಾಹಕರೇ ಅಂತ ಕಾಯ್ದೆಯಲ್ಲೇ ಇದೆ. ಸಹಾಯವಾಣಿ ನಂಬರ್ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಆದರೆ ಕೈಯಲ್ಲಿ ಬಿಲ್ ಇದ್ದು, ಬಿಲ್ಲಿನಲ್ಲಿ ಬಾಕ್ಸ್ ಯಾವುದು ಅಂತ ಬರೆದಿದ್ದರೆ ಮಾತ್ರ ದೂರಿಗೆ ಬಲ. "ಹಳೆ ಬಾಕ್ಸ್ 1" ಅಂತ ಗೀಚಿದ ಚೀಟಿ ಹಿಡಿದು ವಾದ ಮಾಡುವುದು ಕಷ್ಟ.

ಕಾನೂನು ನಮಗೂ ಒಂದು ಗೆರೆ ಹಾಕಿದೆ. ಟೂವೀಲ್ ಪಿಕಪ್ ಕೊಂಡು, ಗುಜರಿಯಿಂದ ಬಾಕ್ಸು, ಮುಂದಿನ ಆಕ್ಸಲ್ ತಂದು ಫೋರ್‌ವೀಲ್ ಮಾಡಿಸುವ ಆಸೆ ಹಲವರಿಗಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅಪಘಾತ ಆದ ದಿನ ವಿಮೆಯವರು ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಅಂಥ ಗಾಡಿಯ ಮಾಲೀಕರ ಕಷ್ಟ ಯಾರಿಗೂ ಬೇಡ.

ಕೊನೆಗೆ ಒಂದು ಬೇಡಿಕೆ, ಒಂದು ಸಲಹೆ.

ಬೇಡಿಕೆ ಐಟಿಐಗಳಿಗೆ ಮತ್ತು ಗಾಡಿ ಕಂಪನಿಗಳಿಗೆ. ಯಾವ ವರ್ಷದ ಯಾವ ಮಾದರಿಗೆ ಯಾವ ಬಾಕ್ಸ್, ತಗಡು ಎಲ್ಲಿದೆ, ಯಾವ ಎಣ್ಣೆ, ಇಷ್ಟನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ಗ್ಯಾರೇಜುಗಳಿಗೆ ಕೊಡಿ. ನಾನು ನೋಡಿದ ಸರ್ವಿಸ್ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ಗಾಡಿ ಬಿಚ್ಚುವ ಹುಡುಗರು ಓದುವುದು ಕನ್ನಡ.

ಸಲಹೆ ಗಾಡಿ ಇರುವವರಿಗೆ. ಬಾಕ್ಸ್ ಕೆಡುವವರೆಗೆ ಕಾಯಬೇಡಿ. ಮುಂದಿನ ಸರ್ವಿಸ್‌ಗೆ ಗಾಡಿ ಮೇಲೆತ್ತಿದಾಗ ಬಟ್ಟೆಯಲ್ಲಿ ಒರೆಸಿ, ತಗಡಿನ ಫೋಟೊ ತೆಗೆಯಿರಿ. ಶಾಫ್ಟುಗಳ ಬದಿ ಕಾಣುವಂತೆ ಹಿಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೊ. ಮೂರೂ ಫೋಟೊಗಳನ್ನು ಆರ್‌ಸಿಯ ಫೋಟೊ ಜೊತೆಯಲ್ಲೇ ಇಟ್ಟುಕೊಳ್ಳಿ. ನಾಳೆ ಅಂಗಡಿಗೆ ಫೋನ್ ಮಾಡುವಾಗ ಗಾಡಿಯ ಹೆಸರು ಹೇಳುವ ಮೊದಲು ಆ ಫೋಟೊ ಕಳಿಸಿ, "ಇದೇ ನಂಬರಿನದ್ದು ಇದ್ದರೆ ಅದರ ತಗಡಿನ ಫೋಟೊ ಹಾಕಿ, ಬಿಲ್ಲಿನಲ್ಲೂ ಬರೆಯಿರಿ" ಅನ್ನಿ. ಹಾಕಿದರೆ ಬಸ್ ಹತ್ತಿ. ಹಾಕದಿದ್ದರೆ ಇನ್ನೊಂದು ಅಂಗಡಿಗೆ ಫೋನ್ ಮಾಡಿ.